ಸೋಮವಾರದ ಸಾವು, ಮಂಗಳವಾರದ ಬೆಂಕಿ: ನೇಪಾಳದ ದಂಗೆಯನ್ನು ನಮ್ಮ ಅಪಾರ್ಟ್‌ಮೆಂಟ್ ನೋಡಿದ ಬಗೆ

2025ರ ಸೆಪ್ಟೆಂಬರ್ 8, ಸೋಮವಾರ. ಕಠ್ಮಂಡುವಿನ ಸಂಸತ್ ಭವನದ ಎದುರು ಸೇರಿದ್ದ ಹುಡುಗ ಹುಡುಗಿಯರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅವತ್ತು ಒಂದೇ ದಿನ ನೇಪಾಳದಲ್ಲಿ 19 ಮಂದಿ ಸತ್ತರು. 17 ಜನ ಕಠ್ಮಂಡುವಿನಲ್ಲಿ, ಇಬ್ಬರು ಪೂರ್ವದ ಇಟಹರಿ ಎಂಬ ಊರಿನಲ್ಲಿ. ಬನಶಂಕರಿ ಆಚೆ ಇರುವ ನಮ್ಮ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಅವತ್ತು ಇದರ ಬಗ್ಗೆ ಬಂದದ್ದು ಒಂದೇ ಮೆಸೇಜು. ಅದರ ಮೇಲೂ ಕೆಳಗೂ ಬಿ ಬ್ಲಾಕಿನ ಲಿಫ್ಟ್ ರಿಪೇರಿಯ ಮಾತು.

ಮರುದಿನ ನೇಪಾಳ ಸರ್ಕಾರದ ಕಚೇರಿಗಳಿದ್ದ ಅರಮನೆ ಸಿಂಹ ದರ್ಬಾರ್ ಹೊತ್ತಿ ಉರಿಯಿತು. ಆಗ ನೋಡಿ, ಎಲ್ಲರಿಗೂ ನೇಪಾಳದ ಬಗ್ಗೆ ಒಂದೊಂದು ಅಭಿಪ್ರಾಯ ಬಂತು.

ಯಾವುದೋ ದೇಶದಲ್ಲಿ ಹುಡುಗರು ಸರ್ಕಾರದ ವಿರುದ್ಧ ಎದ್ದು ನಿಂತಾಗ ನಮ್ಮಂಥವರು ಅದನ್ನು ಹೇಗೆ ನೋಡುತ್ತೇವೆ? ಯಾವಾಗ ಚಪ್ಪಾಳೆ ತಟ್ಟುತ್ತೇವೆ, ಯಾವಾಗ ಬೆಚ್ಚಿ ಬೀಳುತ್ತೇವೆ? ಇದನ್ನು ಒಂದು ಜಾಗ ಹಿಡಿದು ನೋಡೋಣ ಅನ್ನಿಸಿತು. ಹಾಗಾಗಿ ಆ ವಾರ ನಮ್ಮಲ್ಲಿ ನಡೆದದ್ದನ್ನೆಲ್ಲ ಬರೆದಿಟ್ಟುಕೊಂಡೆ. ಆಮೇಲೆ ನಿಧಾನವಾಗಿ ಕೆಲವರನ್ನು ಮಾತಾಡಿಸಿದೆ. ಯಾರ ಹೆಸರನ್ನೂ ಹಾಕಿಲ್ಲ. ಹಾಕಬೇಡಿ ಎಂದವರೂ ಇದ್ದಾರೆ.

ಜಾಗ, ಜನ

ನಮ್ಮದು ಎಂಬತ್ತು ಚಿಲ್ಲರೆ ಮನೆಗಳ ಅಪಾರ್ಟ್‌ಮೆಂಟ್. ಕನ್ನಡ ಮಾತಾಡುವವರೇ ಜಾಸ್ತಿ. ಹಾಸನ, ಮಂಡ್ಯ, ದಾವಣಗೆರೆ ಕಡೆಯಿಂದ ಬಂದು ಸಾಲ ಮಾಡಿ ಮನೆ ತಗೊಂಡವರು, ನಿವೃತ್ತರಾಗಿ ಮಕ್ಕಳ ಜೊತೆ ಇರುವವರು, ಐಟಿಯವರು, ಒಂದಿಬ್ಬರು ಕಾಂಟ್ರಾಕ್ಟರು.

ಗೇಟಿನಲ್ಲಿ ಇಬ್ಬರು ನೇಪಾಳಿ ಗಾರ್ಡ್‌ಗಳು. ಪಶ್ಚಿಮ ನೇಪಾಳದ ಕೈಲಾಲಿ ಜಿಲ್ಲೆಯವರು, ದೂರದ ನೆಂಟರು. ಹಗಲು ಪಾಳಿಯವನು ಇಪ್ಪತ್ತರ ಹುಡುಗ. ರಾತ್ರಿ ಪಾಳಿಯವರಿಗೆ ಐವತ್ತರ ಹತ್ತಿರ ವಯಸ್ಸು. ಇಲ್ಲಿಗೆ ಬಂದು ಬಹಳ ವರ್ಷವಾಯಿತು, ಕನ್ನಡ ಚೆನ್ನಾಗಿಯೇ ಬರುತ್ತದೆ. "ಓದೋಕೆ ಬರಲ್ಲ ಸಾರ್, ಬೈದ್ರೆ ಪೂರ್ತಿ ಅರ್ಥ ಆಗುತ್ತೆ" ಎಂದು ಅವರೇ ನಗುತ್ತಾರೆ. ಅರ್ಧ ಅಪಾರ್ಟ್‌ಮೆಂಟ್ ಇಬ್ಬರನ್ನೂ ಬಹದ್ದೂರ್ ಎಂದೇ ಕೂಗುತ್ತದೆ. ಇಬ್ಬರ ಹೆಸರೂ ಅದಲ್ಲ.

ಇವರು ಇಲ್ಲಿ ಕೆಲಸ ಮಾಡಲು ವೀಸಾ ಬೇಕಿಲ್ಲ. 1950ರ ಭಾರತ–ನೇಪಾಳ ಒಪ್ಪಂದದಿಂದಾಗಿ ಗಡಿ ತೆರೆದಿದೆ. ಯಶವಂತಪುರದಲ್ಲಿ ರೈಲು ಹತ್ತಿ ಲಖನೌ, ಅಲ್ಲಿಂದ ಬಸ್ಸಿನಲ್ಲಿ ಪಲಿಯಾ ದಾಟಿ ಗೌರೀಫಂಟಾ ಗಡಿ, ಆ ಕಡೆ ಕಾಲಿಟ್ಟರೆ ಧನಗಢಿ. ನೇಪಾಳದ ಒಟ್ಟು ಆದಾಯದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹೀಗೆ ಹೊರಗೆ ದುಡಿಯುವವರು ಕಳಿಸುವ ದುಡ್ಡು. ಅಲ್ಲಿನ ಹುಡುಗರಲ್ಲಿ ಐವರಿಗೆ ಒಬ್ಬರಂತೆ ಕೆಲಸವಿಲ್ಲ. ಕೊಲ್ಲಿ ದೇಶಗಳಿಗೆ, ಮಲೇಷ್ಯಾಕ್ಕೆ ಹೋಗಲು ಏಜೆಂಟರಿಗೆ ಲಕ್ಷಗಟ್ಟಲೆ ಕಕ್ಕಬೇಕು. ಅಷ್ಟು ದುಡ್ಡಿಲ್ಲದವರು ಬೆಂಗಳೂರಿಗೆ ಬರುತ್ತಾರೆ.

ಗೇಟಿಗೆ ಮೊದಲೇ ಗೊತ್ತಾಗಿತ್ತು

ದಂಗೆ ಶುರುವಾದದ್ದು ಸೋಮವಾರ ಎಂದು ನಾವು ಹೇಳುತ್ತೇವೆ. ನಮ್ಮ ಗೇಟಿನಲ್ಲಿ ಅದು ಗುರುವಾರವೇ ಶುರುವಾಗಿತ್ತು.

ಸೆಪ್ಟೆಂಬರ್ 4ರಂದು ನೇಪಾಳ ಸರ್ಕಾರ 26 ಸೋಷಿಯಲ್ ಮೀಡಿಯಾ ಆ್ಯಪ್‌ಗಳನ್ನು ಬಂದ್ ಮಾಡಿಸಿತು. ಸರ್ಕಾರದಲ್ಲಿ ನೋಂದಣಿ ಮಾಡಿಸಿಕೊಂಡಿಲ್ಲ ಎಂಬುದು ಕಾರಣ. ಫೇಸ್‌ಬುಕ್, ಯೂಟ್ಯೂಬ್, ಇನ್‌ಸ್ಟಾಗ್ರಾಂ, ಎಕ್ಸ್ ಹೋದವು. ಅದರ ಜೊತೆ ವಾಟ್ಸಾಪ್, ಮೆಸೆಂಜರ್, ಐಮೋ ಕೂಡ ಹೋದವು. ಮೊದಲಿನವು ಇಲ್ಲದಿದ್ದರೆ ಪೇಟೆಯ ಹುಡುಗರಿಗೆ ಸಿಟ್ಟು ಬರುತ್ತದೆ. ಕೊನೆಯ ಮೂರು ಇಲ್ಲದಿದ್ದರೆ ಹೊರದೇಶದಲ್ಲಿ ದುಡಿಯುವವನಿಗೆ ಮನೆಯೇ ಸಿಗುವುದಿಲ್ಲ. ಪಂಚಾಂಗ, ಹಬ್ಬದ ದಿನ, ವಿದೇಶಿ ಹಣದ ದರ ನೋಡಲು ನೇಪಾಳಿಗಳು ಇಟ್ಟುಕೊಳ್ಳುವ ಹಮ್ರೋ ಪಾತ್ರೋ ಎಂಬ ಆ್ಯಪ್ ಕೂಡ ಆ ಪಟ್ಟಿಯಲ್ಲಿತ್ತು. ಅದು ನೇಪಾಳದವರೇ ಮಾಡಿದ್ದು!

ರಾತ್ರಿ ಪಾಳಿಯವರು ದಿನಾ ಹತ್ತು ಗಂಟೆ ಮೇಲೆ, ಡೆಲಿವರಿ ಹುಡುಗರ ಓಡಾಟ ಕಮ್ಮಿಯಾದ ಮೇಲೆ, ಮನೆಗೆ ವಿಡಿಯೋ ಕಾಲ್ ಮಾಡುತ್ತಾರೆ. ಹೆಂಡತಿ, ಹತ್ತನೇ ಕ್ಲಾಸಿನ ಮಗಳು. ಅವತ್ತು ಕಾಲ್ ಹೋಗಲೇ ಇಲ್ಲ. ಡೇಟಾ ಮುಗಿಯಿತೇನೋ ಎಂದುಕೊಂಡು ಬೆಳಿಗ್ಗೆ ಅಂಗಡಿಗೆ ಹೋಗಿ ರೀಚಾರ್ಜ್ ಮಾಡಿಸಿದರು. ಆಗಲೂ ಹೋಗಲಿಲ್ಲ. ಸರ್ಕಾರವೇ ಬಂದ್ ಮಾಡಿದೆ ಎಂದು ಹೇಳಿದ್ದು ಹಗಲು ಪಾಳಿಯ ಹುಡುಗ. ಐಎಸ್‌ಡಿ ಮಾಡಿದರೆ ನಿಮಿಷಕ್ಕೆ ಎಷ್ಟು ಹೋಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು. "ಹುಷಾರಾಗಿದ್ದೀರಾ" ಎಂದು ಕೇಳಿ ಇಟ್ಟುಬಿಟ್ಟರಂತೆ.

ಮೂರನೇ ಮಹಡಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳಿದ್ದಾಳೆ. ಶನಿವಾರ ರಾತ್ರಿ ಪಾರ್ಸೆಲ್ ತಗೊಳ್ಳಲು ಕೆಳಗೆ ಬಂದವಳು ಇವರ ಮುಖ ನೋಡಿ "ಏನಾಯ್ತು ಅಣ್ಣಾ" ಎಂದು ಕೇಳಿದಳು. ಫೋನು ಈಸಿಕೊಂಡು, ವಿಸಿಟರ್ ರಿಜಿಸ್ಟರ್ ಮೇಲೆ ಮೊಣಕೈ ಊರಿಕೊಂಡು ಹುಡುಕಿದಳು. ವೈಬರ್ ಎಂಬ ಕಾಲಿಂಗ್ ಆ್ಯಪ್ ನೋಂದಣಿ ಮಾಡಿಸಿಕೊಂಡಿತ್ತು, ಹಾಗಾಗಿ ಅಲ್ಲಿ ಓಡುತ್ತಿತ್ತು. ಟಿಕ್‌ಟಾಕ್ ಕೂಡ ಓಡುತ್ತಿತ್ತು. ಆದರೆ ಟಿಕ್‌ಟಾಕ್ ನಮ್ಮಲ್ಲಿ 2020ರಿಂದಲೇ ಬಂದ್ ಅಲ್ವಾ? ಅಲ್ಲಿ ತೆರೆದಿರುವ ಬಾಗಿಲು ಇಲ್ಲಿ ಮುಚ್ಚಿದೆ, ಇಲ್ಲಿ ತೆರೆದಿರುವುದು ಅಲ್ಲಿ ಮುಚ್ಚಿದೆ. ಇಲ್ಲಿ ವೈಬರ್ ಹಾಕಿದ್ದಾಯಿತು. ಊರಲ್ಲೂ ಹಾಕಬೇಕಲ್ಲ? ಮತ್ತೆ ಐಎಸ್‌ಡಿ. ಮಗಳಿಗೆ ಹೇಳಿ, ಅವಳು ಪಕ್ಕದ ಮನೆಯವರ ಫೋನಿಗೆ ಹಾಕಿಸಿ, ಓಟಿಪಿ ಬಂದು, ಅಂತೂ ಕಾಲ್ ಕೂಡಿತು. ಹುಡುಗಿ ಹೇಳುವ ಪ್ರಕಾರ ಅವರ ಹೆಂಡತಿ ಮೊದಲು ಕೇಳಿದ್ದು, ಪಕ್ಕದಲ್ಲಿರೋ ಹುಡುಗಿ ಯಾರು ಅಂತ.

ಅಪಾರ್ಟ್‌ಮೆಂಟಿನಲ್ಲಿ ಇದು ಗಾರ್ಡ್‌ಗಳಿಗೆ, ಈ ಹುಡುಗಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಭಾನುವಾರ ಚಂದ್ರಗ್ರಹಣ. ಎಷ್ಟು ಗಂಟೆಯೊಳಗೆ ಊಟ ಮುಗಿಸಬೇಕು, ನೀರಿಗೆ ದರ್ಭೆ ಹಾಕಬೇಕೋ ಬೇಡವೋ, ಗರ್ಭಿಣಿಯರು ಏನು ಮಾಡಬೇಕು ಎಂದು ಗ್ರೂಪು ಬಿಸಿಯಾಗಿತ್ತು.

ಆ ಕಡೆ ಸಿಟ್ಟು ಏರುತ್ತಿತ್ತು. ಮಂತ್ರಿಗಳ ಮಕ್ಕಳ ದುಬಾರಿ ಬಟ್ಟೆ, ವಿದೇಶ ಪ್ರವಾಸ, ಬ್ರ್ಯಾಂಡೆಡ್ ಡಬ್ಬಗಳನ್ನೇ ಪೇರಿಸಿ ಕಟ್ಟಿದ ಕ್ರಿಸ್‌ಮಸ್ ಮರ, ಈ ಫೋಟೋಗಳು 'ನೆಪೋ ಕಿಡ್ಸ್' ಎಂಬ ಹೆಸರಲ್ಲಿ ಅದಾಗಲೇ ಓಡಾಡುತ್ತಿದ್ದವು. ಶನಿವಾರ ಲಲಿತಪುರದಲ್ಲಿ ಪ್ರಾಂತ್ಯದ ಮಂತ್ರಿಯೊಬ್ಬರ ಗಾಡಿ ರಸ್ತೆ ದಾಟುತ್ತಿದ್ದ 11 ವರ್ಷದ ಹುಡುಗಿಗೆ ಗುದ್ದಿ ನಿಲ್ಲದೆ ಹೋಯಿತು. ಮಗು ಬದುಕಿತು. ಪ್ರಧಾನಿ ಕೆ.ಪಿ. ಶರ್ಮಾ ಓಲಿ ಅದನ್ನು ಮಾಮೂಲಿ ಅಪಘಾತ ಎಂಬಂತೆ ಮಾತಾಡಿದರು. ಸೋಮವಾರ ಕಠ್ಮಂಡುವಿನ ಮೈತಿಘರ್‌ನಲ್ಲಿ ಸೇರಿದ ಮಕ್ಕಳಲ್ಲಿ ಎಷ್ಟೋ ಜನ ಯೂನಿಫಾರಂನಲ್ಲೇ ಬಂದಿದ್ದರು.

ಬೆಂಕಿ ಬಿದ್ದ ದಿನ

ಸೋಮವಾರ ಸಂಜೆ ಗೃಹಮಂತ್ರಿ ರಾಜೀನಾಮೆ ಕೊಟ್ಟರು. ರಾತ್ರಿ ಆ್ಯಪ್‌ಗಳ ನಿಷೇಧ ಎತ್ತಿದರು. ಆದರೆ 19 ಹೆಣ ಬಿದ್ದ ಮೇಲೆ ಫೇಸ್‌ಬುಕ್ ವಾಪಸ್ ಕೊಟ್ಟರೆ ಯಾರು ಸುಮ್ಮನಾಗುತ್ತಾರೆ? ಮಂಗಳವಾರ ಸಂಸತ್ ಭವನ, ಸುಪ್ರೀಂ ಕೋರ್ಟ್, 1908ರಲ್ಲಿ, ಆಗ ನೇಪಾಳ ಆಳುತ್ತಿದ್ದ ರಾಣಾ ಮನೆತನದವರು ಕಟ್ಟಿಸಿದ ಸಿಂಹ ದರ್ಬಾರ್ ಎಲ್ಲಕ್ಕೂ ಬೆಂಕಿ ಬಿತ್ತು. ಹಿಲ್ಟನ್ ಹೋಟೆಲ್ ಸುಟ್ಟಿತು. ಕಾಂತಿಪುರ ಪತ್ರಿಕೆಯ ಕಟ್ಟಡವೂ ಸುಟ್ಟಿತು. ಮಾಜಿ ಪ್ರಧಾನಿ ದೇವುಬಾ ಮತ್ತು ಅವರ ಹೆಂಡತಿಯನ್ನು ಮನೆಗೆ ನುಗ್ಗಿ ಹೊಡೆದರು. ಹಣಕಾಸು ಮಂತ್ರಿಯನ್ನು ಬೀದಿಯಲ್ಲಿ ಅಟ್ಟಾಡಿಸಿದರು. ಓಲಿ ರಾಜೀನಾಮೆ ಕೊಟ್ಟರು. ರಾತ್ರಿ ಸೇನೆ ಬೀದಿಗಿಳಿಯಿತು. ದೇಶದ ಜೈಲುಗಳಿಂದ 13 ಸಾವಿರಕ್ಕೂ ಹೆಚ್ಚು ಕೈದಿಗಳು ಓಡಿಹೋದರು. ಕೊನೆಗೆ ಸತ್ತವರ ಲೆಕ್ಕ 70 ದಾಟಿತು.

ನಮ್ಮ ಅಪಾರ್ಟ್‌ಮೆಂಟಿನ ಮಂಗಳವಾರ ಹೀಗಿತ್ತು. ಬೆಳಿಗ್ಗೆ ನಾಲ್ಕನೇ ಮಹಡಿಯ ಐಟಿ ಉದ್ಯೋಗಿಯೊಬ್ಬರು ಓಲಿಯವರ ಮನೆ ಉರಿಯುವ ವಿಡಿಯೋ ಹಾಕಿ, "ನಮ್ಮಲ್ಲೂ ಒಂದು ದಿನ ಹೀಗೆ ಆಗಬೇಕು" ಎಂದು ಬರೆದರು. ಸಿಕ್ಕಾಪಟ್ಟೆ ಲೈಕು. "ನಮ್ಮವರು ರಸ್ತೆ ಗುಂಡಿಗೇ ಬೀದಿಗಿಳಿಯಲ್ಲ, ಇನ್ನು ಇದಕ್ಕಾ" ಎಂದು ಇನ್ನೊಬ್ಬರು. ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಅಥಾರಿಟಿ ಬಂದು ಆಗ ಒಂದು ವಾರವಾಗಿತ್ತು, ಗುಂಡಿಗಳು ಮಾತ್ರ ಹೆಸರು ಬದಲಾದದ್ದನ್ನು ಗಮನಿಸಿದಂತಿರಲಿಲ್ಲ. ಮಾತು ಆ ಕಡೆ ಹೊರಳಿತು. ಸಂಜೆ ಹೊತ್ತಿಗೆ ಹಣಕಾಸು ಮಂತ್ರಿಯನ್ನು ಓಡಿಸಿಕೊಂಡು ಹೋಗುವ ವಿಡಿಯೋ ಬಂತು. ಬೆಳಿಗ್ಗೆ ಬರೆದ ಅದೇ ಮಹಾಶಯರು, "ಇವರು ಸ್ಟೂಡೆಂಟ್ಸ್ ಅಲ್ಲ, ರೌಡಿಗಳು" ಎಂದರು. ಇದಕ್ಕೂ ಲೈಕು ಬಂದವು, ಹೆಚ್ಚುಕಮ್ಮಿ ಅದೇ ಜನರಿಂದ.

ಅವರನ್ನು ಆಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಬೆಳಗಿನ ಖುಷಿಯೂ ನಿಜ, ಸಂಜೆಯ ಭಯವೂ ನಿಜ. ಎರಡೂ ಬಂದದ್ದು ಚಿತ್ರ ನೋಡಿ. ಸೋಮವಾರದ ಸಾವಿಗೆ ಹಾಗೆ ಹಂಚಿಕೊಳ್ಳುವ ಚಿತ್ರ ಇರಲಿಲ್ಲ. ಆಸ್ಪತ್ರೆಯ ಹೊರಗೆ ಅಳುತ್ತಿರುವ ತಾಯಿಯ ವಿಡಿಯೋವನ್ನು ಯಾರೂ ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕುವುದಿಲ್ಲ. ಅರಮನೆ ಉರಿಯುವುದನ್ನು ಹಾಕುತ್ತಾರೆ.

ಆಮೇಲೆ ಮಾತಾಡಿಸಿದಾಗ ನನ್ನನ್ನು ಬೆಚ್ಚಿಬೀಳಿಸಿದ್ದು ಬೇರೆಯದೇ. "ಪೊಲೀಸರು ಯಾಕೆ ಗುಂಡು ಹಾರಿಸಿದರು" ಎಂದು ಕೇಳಿದರೆ, ಓದಿಕೊಂಡವರು, ದಿನಾ ಪೇಪರ್ ನೋಡುವವರು ಕೂಡ ಕೊಟ್ಟ ಉತ್ತರ ಒಂದೇ: "ಪಾರ್ಲಿಮೆಂಟ್ ಸುಟ್ಟರೆ ಬಿಡ್ತಾರಾ?" ಅಂದರೆ ಅವರ ತಲೆಯಲ್ಲಿ ಬೆಂಕಿ ಮೊದಲು, ಗುಂಡು ಆಮೇಲೆ. ನಡೆದದ್ದು ತಿರುಗಾಮುರುಗಾ. ಸೋಮವಾರವೂ ಹುಡುಗರು ಬ್ಯಾರಿಕೇಡ್ ಮುರಿದು ಸಂಸತ್ತಿನ ಆವರಣಕ್ಕೆ ನುಗ್ಗಿದ್ದರು, ಗೇಟಿನ ಬಳಿ ಬೆಂಕಿ ಹಚ್ಚಿದ್ದರು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಕಟ್ಟಡಗಳು ಬೂದಿಯಾದದ್ದು ಮಕ್ಕಳು ಸತ್ತ ಮರುದಿನ. ದಿನಗಳು ಅದಲುಬದಲಾದರೆ ತೀರ್ಪೂ ಅದಲುಬದಲಾಗುತ್ತದೆ. ಇದನ್ನು ಯಾರೂ ಬೇಕೆಂದೇ ತಿರುಚಿಲ್ಲ. ಸುಳ್ಳು ಸುದ್ದಿ ಹಬ್ಬಿಸಿದವರಿಲ್ಲ. ಮೊದಲು ಕಂಡದ್ದೇ ಮೊದಲು ನಡೆದದ್ದು ಎಂದು ಮನಸ್ಸು ಜೋಡಿಸಿಕೊಂಡಿತು, ಅಷ್ಟೇ. ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೊಂದೇ. ಉಳಿದದ್ದೆಲ್ಲ ಇದರ ಸುತ್ತ ಬರುವ ಮಾತು.

ಬುಧವಾರ ಗೇಟಿಗೆ ಬಂದವರು

ಎರಡನೇ ಮಹಡಿಯ ವಯಸ್ಸಾದ ದಂಪತಿ ಪಶುಪತಿನಾಥ, ಮುಕ್ತಿನಾಥ ಯಾತ್ರೆಗೆ ಹೋಗಿದ್ದರು. ವಿಮಾನ ನಿಲ್ದಾಣ ಮುಚ್ಚಿದ್ದರಿಂದ ಕಠ್ಮಂಡುವಿನ ಲಾಡ್ಜಿನಲ್ಲೇ ಉಳಿದುಕೊಂಡರು. ಕರ್ನಾಟಕದ ಇನ್ನೂ ಹಲವರು ಹಾಗೆಯೇ ಸಿಕ್ಕಿಹಾಕಿಕೊಂಡಿದ್ದರು. ಭಾರತದ ರಾಯಭಾರ ಕಚೇರಿ ಸಹಾಯವಾಣಿ ನಂಬರ್ ಕೊಟ್ಟಿತ್ತು, ರಾಜ್ಯ ಸರ್ಕಾರವೂ ವಾಪಸ್ ಕರೆಸಲು ಓಡಾಡುತ್ತಿತ್ತು. ಮಗನಿಗೆ ಸಮಾಧಾನವಿರಲಿಲ್ಲ. ಬುಧವಾರ ಬೆಳಿಗ್ಗೆ ಗೇಟಿಗೆ ಬಂದು, "ಬಹದ್ದೂರ್, ನಿಮ್ಮೋರು ಯಾರಾದ್ರೂ ಕಠ್ಮಂಡುವಲ್ಲಿ ಇದ್ದಾರಾ, ಸ್ವಲ್ಪ ನೋಡ್ಕೊಳ್ಳೋಕೆ?" ಎಂದು ಕೇಳಿದರು.

ರಾತ್ರಿ ಪಾಳಿಯವರು ಹೇಳಿದರು: "ನಮ್ಮೂರಿಗೆ ಕಠ್ಮಂಡುಗಿಂತ ದೆಹಲಿ ಹತ್ತಿರ ಸಾರ್. ನಾನೇ ಕಠ್ಮಂಡು ಸರಿಯಾಗಿ ನೋಡಿಲ್ಲ."

ಭೂಪಟ ತೆಗೆದು ನೋಡಿ, ಅವರು ಹೇಳಿದ್ದು ಸರಿ. ಧನಗಢಿಯಿಂದ ರಸ್ತೆಯಲ್ಲಿ ಹೋದರೆ ದೆಹಲಿಯೇ ಹತ್ತಿರ. ನೇಪಾಳ ಎಂದರೆ ನಮಗೆಲ್ಲ ಒಂದೇ ಊರಿದ್ದಂತೆ. ಬೆಂಗಳೂರಿನವನನ್ನು ಹಿಡಿದು "ಬೀದರ್‌ನಲ್ಲಿ ನಿಮ್ಮ ಮನೆಯವರು ಹುಷಾರಾ" ಎಂದು ಕೇಳಿದರೆ ಹೇಗಿರುತ್ತದೆ? ಆದರೂ ಅವರು ಯಾರ್ಯಾರಿಗೋ ಫೋನ್ ಮಾಡಿ, ಕಠ್ಮಂಡುವಿನ ಹೋಟೆಲೊಂದರಲ್ಲಿ ಅಡುಗೆ ಮಾಡುವ ತಮ್ಮ ಜಿಲ್ಲೆಯವನೊಬ್ಬನ ನಂಬರ್ ಹುಡುಕಿಕೊಟ್ಟರು. ಆ ನಂಬರ್ ಬಳಸುವ ಪ್ರಸಂಗ ಬರಲಿಲ್ಲ. ಬುಧವಾರ ಸಂಜೆ ವಿಮಾನ ಹಾರಾಟ ಮತ್ತೆ ಶುರುವಾಯಿತು, ವಾರ ಮುಗಿಯುವುದರೊಳಗೆ ದಂಪತಿ ಮನೆ ಸೇರಿದರು. ಮುಕ್ತಿನಾಥಕ್ಕೆ ಹೋಗಲಾಗಲಿಲ್ಲ ಎಂಬ ಬೇಜಾರು ಅವರಿಗಿನ್ನೂ ಇದೆ.

ಆ ಎರಡು ದಿನ ಗೇಟಿನಲ್ಲಿ ಅವರನ್ನು ಮಾತಾಡಿಸಿದವರೆಲ್ಲ ಕೇಳಿದ್ದು "ನಿಮ್ಮೂರಲ್ಲಿ ಏನಂತೆ ಗಲಾಟೆ" ಎಂದು. ನಿಮಗೇನು ಅನ್ನಿಸುತ್ತದೆ ಎಂದು ಕೇಳಿದವರು ಕಡಿಮೆ. ನಾನು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಓಲಿ ಹೋಗಿದ್ದು ಸರಿ ಸಾರ್. ಓಲಿ, ದೇವುಬಾ, ಪ್ರಚಂಡ, ಮತ್ತೆ ಓಲಿ. ಮೂರೇ ಜನ ಕುರ್ಚಿ ಆಟ ಆಡ್ತಾರೆ. ನಾನು ಇಲ್ಲಿಗೆ ಬಂದಾಗಿಂದ ಅದೇ. ಆದ್ರೆ ಆಫೀಸು ಯಾಕೆ ಸುಡಬೇಕು? ನಮ್ಮ ಜಮೀನಿನ ಕಾಗದ ಎಲ್ಲಿ ಹುಡುಕೋದು?"

ಕಠ್ಮಂಡುವಿನಾಚೆಯೂ ಸರ್ಕಾರಿ ಕಚೇರಿಗಳು ಸುಟ್ಟಿದ್ದವು. ಅಣ್ಣತಮ್ಮಂದಿರ ನಡುವೆ ಪಾಲಾಗಬೇಕಿದ್ದ ಸ್ವಲ್ಪ ಜಮೀನು ಅವರದು. ಅದರ ಕಾಗದ ಯಾವ ಕಚೇರಿಯಲ್ಲಿದೆ, ಆ ಕಚೇರಿ ಉಳಿದಿದೆಯೋ ಇಲ್ಲವೋ ಎಂದು ಅವರ ಚಿಂತೆ. ಓಲಿ ಹೋಗಬೇಕಿತ್ತು, ಕಚೇರಿ ಉಳಿಯಬೇಕಿತ್ತು. ಗ್ರೂಪಿನಲ್ಲಿ ಒಬ್ಬರಿಗೂ ಈ ಎರಡು ಮಾತನ್ನು ಒಟ್ಟಿಗೆ ಹೇಳಲು ಆಗಿರಲಿಲ್ಲ. ಅಲ್ಲಿ ಒಂದೋ ಕ್ರಾಂತಿ, ಇಲ್ಲವೋ ರೌಡಿಗಳು.

ಹಗಲು ಪಾಳಿಯ ಹುಡುಗ ಬೇರೆ ಥರ. ಅವನಿಗೆ ಸುಟ್ಟದ್ದರ ಬಗ್ಗೆ ಅಂಥ ಬೇಜಾರಿಲ್ಲ. "ನಾನು ಅಲ್ಲಿದ್ರೆ ನಾನೂ ಹೋಗ್ತಿದ್ದೆ" ಎಂದ. ಮರುಕ್ಷಣವೇ, "ಅಲ್ಲಿ ಕೆಲಸ ಇದ್ದಿದ್ರೆ ಅಲ್ಲೇ ಇರ್ತಿದ್ದೆ ಅಲ್ವಾ" ಎಂದು ಗೇಟು ತೆಗೆಯಲು ಎದ್ದು ಹೋದ.

ಸರ್ವಾಧಿಕಾರ ಹೌದೋ ಅಲ್ಲವೋ

ಟೆರೇಸಿನಲ್ಲಿ ಸಂಜೆ ವಾಕ್ ಮಾಡುವ ಗುಂಪಿನಲ್ಲಿ ಇದರ ಬಗ್ಗೆ ಜೋರು ಜಗಳ ಆಯಿತು. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ವಾದ: "ಓಲಿ ಚುನಾವಣೆಯಲ್ಲಿ ಗೆದ್ದು ಬಂದವರು. ಸಂಸತ್ತಿನಲ್ಲಿ ದೊಡ್ಡ ಎರಡು ಪಕ್ಷಗಳ ಬಹುಮತ ಇತ್ತು. ಸರ್ವಾಧಿಕಾರಿ ಹೇಗಾಗ್ತಾರೆ? ಇದರ ಹಿಂದೆ ಯಾರದೋ ವಿದೇಶಿ ಕೈ ಇದೆ." ಮೂರನೇ ಮಹಡಿಯ ಹುಡುಗಿ ಬಿಡಲಿಲ್ಲ. "ಅಂಕಲ್, ಯೂನಿಫಾರಂ ಹಾಕಿದ ಮಕ್ಕಳಿಗೆ ಗುಂಡು ಹೊಡೆದವರಿಗೆ ಬೇರೆ ಹೆಸರಿದ್ರೆ ಹೇಳಿ."

ಇಬ್ಬರ ಮಾತಿನಲ್ಲೂ ತಿರುಳಿದೆ. 2008ರಲ್ಲಿ ರಾಜನ ಆಳ್ವಿಕೆ ಹೋಗಿ ಗಣರಾಜ್ಯವಾದ ಮೇಲೆ, ಈ ದಂಗೆಯ ಹೊತ್ತಿಗೆ, ನೇಪಾಳ 14 ಸರ್ಕಾರ ಕಂಡಿತ್ತು. ಒಂದೂ ಐದು ವರ್ಷ ಪೂರೈಸಿರಲಿಲ್ಲ. ಒಬ್ಬನೇ ಗಟ್ಟಿಯಾಗಿ ಕೂತು ಆಳಿದ ದೇಶವಲ್ಲ ಅದು. ಆದರೆ ಇದೇ ಓಲಿ 2020ರ ಡಿಸೆಂಬರ್‌ನಲ್ಲಿ ಒಮ್ಮೆ, 2021ರ ಮೇ ತಿಂಗಳಲ್ಲಿ ಇನ್ನೊಮ್ಮೆ ಸಂಸತ್ತು ವಿಸರ್ಜಿಸಲು ಹೋದರು. ಎರಡು ಸಲವೂ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಈ ಸಲ ಬಾಯಿ ಮುಚ್ಚಿಸಲು ಆ್ಯಪ್ ಮುಚ್ಚಿದರು, ಬೀದಿಗೆ ಬಂದವರಿಗೆ ಗುಂಡು ಸಿಕ್ಕಿತು. ಬಾಂಗ್ಲಾದೇಶದ ಶೇಖ್ ಹಸೀನಾ ಥರ 15 ವರ್ಷ ಬಿಗಿಹಿಡಿದು ಆಳಿದವರಲ್ಲ, ನಿಜ. ಗೆದ್ದು ಬಂದವರು ಆಮೇಲೆ ಏನು ಮಾಡುತ್ತಾರೆ ಎಂಬುದರ ಮೇಲೆ ಹೆಸರು ನಿಲ್ಲುತ್ತದೆ ಎಂದು ನನಗನ್ನಿಸುತ್ತದೆ. ವಿದೇಶಿ ಕೈ ವಿಷಯಕ್ಕೆ ನನ್ನದೊಂದೇ ಮಾತು: ಕೆಲಸವಿಲ್ಲದೆ ನಮ್ಮ ಗೇಟಿಗೆ ಬಂದು ಕೂತ ಹುಡುಗನಿಗೆ ಸಿಟ್ಟು ಬರಲು ಯಾವ ಕೈಯೂ ಬೇಕಿಲ್ಲ.

ಆ ಗುಂಪಿನಲ್ಲಿ ಎಲ್ಲರೂ ಮೇಷ್ಟ್ರು ಎಂದು ಕರೆಯುವ ಎಪ್ಪತ್ತರ ಹಿರಿಯರೊಬ್ಬರಿದ್ದಾರೆ. ಅವತ್ತು ಅವರು ಹೇಳಿದ್ದು ಚರ್ಚೆಯನ್ನೇ ಬೇರೆ ಕಡೆ ಒಯ್ದಿತು. 1975ರಲ್ಲಿ ಅವರು ಬೆಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದರು. ಅದಕ್ಕೂ ಹಿಂದೆ ಅಹಮದಾಬಾದಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಹಾಸ್ಟೆಲ್ ಊಟದ ಬಿಲ್ ಏರಿಸಿದ್ದಕ್ಕೆ ಶುರುವಾದ ಗಲಾಟೆ 1974ರ ಫೆಬ್ರವರಿಯಲ್ಲಿ ಗುಜರಾತಿನ ಮುಖ್ಯಮಂತ್ರಿಯನ್ನೇ ಇಳಿಸಿತ್ತು. ಬಿಹಾರದಲ್ಲಿ ವಿದ್ಯಾರ್ಥಿಗಳ ಜೊತೆ ಜಯಪ್ರಕಾಶ್ ನಾರಾಯಣ್ (ಜೆಪಿ) ನಿಂತರು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಸಂಸದೀಯ ಸಮಿತಿ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಮರುದಿನ ಇಲ್ಲೇ ಬಂಧಿತರಾಗಿ ಸೆಂಟ್ರಲ್ ಜೈಲು ಸೇರಿದರು. ನಟಿ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಅದೇ ಜೈಲಿಗೆ ಹಾಕಿದರು. ಅಸ್ತಮಾದಿಂದ ನರಳಿ, ಹೊರಗೆ ಬಿಟ್ಟ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ಅವರು ತೀರಿಕೊಂಡರು.

"ನಾನೇನೂ ದೊಡ್ಡ ಹೋರಾಟಗಾರ ಅಲ್ಲಪ್ಪ" ಎಂದು ಮೇಷ್ಟ್ರು ಮೊದಲೇ ಹೇಳಿಬಿಟ್ಟರು. "ಸೈಕ್ಲೋಸ್ಟೈಲ್ ಮಾಡಿದ ಹಾಳೆ ನಾಲ್ಕು ಸಲ ಹಂಚಿದ್ದೀನಿ, ಅಷ್ಟೇ. ನಮ್ಮಪ್ಪ ಮಾತ್ರ ಭಾರೀ ಖುಷಿಯಾಗಿದ್ರು. ರೈಲು ಟೈಮಿಗೆ ಬರುತ್ತೆ, ಆಫೀಸಲ್ಲಿ ಗುಮಾಸ್ತ ಸೀಟಲ್ಲಿ ಇರ್ತಾನೆ, ಇನ್ನೇನು ಬೇಕು ನಿಮಗೆ ಅಂತ ಕೇಳೋರು. ಜೈಲಲ್ಲಿ ಇರೋರು ಅವರ ಕಣ್ಣಿಗೆ ಕಾಣ್ತಿರಲಿಲ್ಲ. ರೈಲು ಕಾಣ್ತಿತ್ತು."

ಇಲ್ಲಿ ಕರ್ನಾಟಕದ್ದೇ ಒಂದು ಲೆಕ್ಕ ನೆನಪಿಡಬೇಕು. 1977ರ ಮಾರ್ಚ್ ಚುನಾವಣೆಯಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿತು. ಕರ್ನಾಟಕ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ ಕೊಟ್ಟಿತು. ಮರುವರ್ಷ ಚಿಕ್ಕಮಗಳೂರು ಇಂದಿರಾ ಗಾಂಧಿಯನ್ನು ಮತ್ತೆ ಲೋಕಸಭೆಗೆ ಕಳಿಸಿತು. ಕನ್ನಡಿಗರಿಗೆ ಸ್ವಾತಂತ್ರ್ಯ ಬೇಡವಾಗಿತ್ತು ಎಂದು ಇದರಿಂದ ಹೇಳಲಾಗದು. ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಕಾಯ್ದೆಯಿಂದ ಗೇಣಿದಾರನಿಗೆ ಜಮೀನು ಸಿಗುತ್ತಿದ್ದ ಕಾಲ ಅದು. ಉತ್ತರದ ಹಳ್ಳಿಗಳ ಥರ ಬಲವಂತದ ಸಂತಾನಹರಣ ಆಪರೇಷನ್ನಿನ ಹೊಡೆತ ಇಲ್ಲಿ ಅಷ್ಟಾಗಿ ಬೀಳಲಿಲ್ಲ. ಬೆಂಗಳೂರಿನ ಜೈಲಿನಲ್ಲಿ ಏನು ನಡೆಯಿತು ಎಂಬುದು ಗೇಣಿ ಬಿಡುಗಡೆಯಾದ ರೈತನಿಗೆ ದೂರದ ಮಾತು. ಕಣ್ಣಿಗೆ ಕಂಡದ್ದು ಜಮೀನಿನ ಹಕ್ಕುಪತ್ರ.

ಹುಡುಗಿ ಕೇಳಿದಳು: "ಹಾಗಾದ್ರೆ ನೀವು ಯಾರ ಕಡೆ ತಾತ?" ಮೇಷ್ಟ್ರು, "ನಾನು ಹಾಳೆ ಹಂಚಿದೋರ ಕಡೆನೇ. ಆದ್ರೆ ನಮ್ಮಪ್ಪನ್ನ ದಡ್ಡ ಅನ್ನಲ್ಲ" ಎಂದರು.

ಅವಳಿಗೆ ಸತ್ತ 19 ಜನರಿಗಾಗಿ ಅಪಾರ್ಟ್‌ಮೆಂಟಿನ ಮುಂದೆ ಕ್ಯಾಂಡಲ್ ಹಚ್ಚಿ ಐದು ನಿಮಿಷ ನಿಲ್ಲಬೇಕು ಅನ್ನಿಸಿತ್ತು. ಗಾರ್ಡ್‌ಗಳನ್ನೂ ಸೇರಿಸಿಕೊಂಡು. ಕಮಿಟಿ ಒಪ್ಪಲಿಲ್ಲ. ರಾಜಕೀಯ ಬೇಡ, ಬೇಕಿದ್ದರೆ ಫ್ರೀಡಂ ಪಾರ್ಕಿಗೆ ಹೋಗು ಎಂದರು. ಅದು ಬರೀ ಬಾಯಿಮಾತಲ್ಲ. 2021ರ ಪೊಲೀಸ್ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಜಾಗ ಫ್ರೀಡಂ ಪಾರ್ಕ್ ಮಾತ್ರ. ಆ ಪಾರ್ಕ್ ಯಾವುದು? ಅಡ್ವಾಣಿ, ವಾಜಪೇಯಿ, ಸ್ನೇಹಲತಾ ರೆಡ್ಡಿ ಇದ್ದ ಅದೇ ಹಳೇ ಸೆಂಟ್ರಲ್ ಜೈಲು. ಮೇಷ್ಟ್ರಿಗೆ ಇದನ್ನು ಹೇಳುವಾಗಲೆಲ್ಲ ನಗು ತಡೆಯಲಾಗುವುದಿಲ್ಲ. ರಾತ್ರಿ ಪಾಳಿಯವರಿಗೂ ಕ್ಯಾಂಡಲ್ ವಿಷಯ ಇಷ್ಟವಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಏಜೆನ್ಸಿಯವರಿಗೆ ಗೊತ್ತಾದರೆ ಜಾಗ ಬದಲಾಯಿಸುತ್ತಾರೆ ಎಂಬ ಭಯ.

ಹಿಂದಿನ ವರ್ಷದ್ದೂ ಸ್ವಲ್ಪ

2024ರ ಆಗಸ್ಟ್ 5ರಂದು ಢಾಕಾದಲ್ಲಿ ಇಂಥದ್ದೇ ನಡೆಯಿತು. ಮೀಸಲಾತಿ ವಿರುದ್ಧ ಶುರುವಾದ ವಿದ್ಯಾರ್ಥಿಗಳ ಹೋರಾಟಕ್ಕೆ ಹಸೀನಾ ದೇಶ ಬಿಟ್ಟು ಓಡಿಬಂದರು. ಆ ವಾರಗಳಲ್ಲಿ 1,400 ಜನರವರೆಗೆ ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ವರದಿ ಅಂದಾಜು ಮಾಡಿದೆ. ಆಗ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆದದ್ದೇನು? ಕಸ ಬೇರ್ಪಡಿಸಲು ಬರುವ ಹೆಂಗಸರ ಆಧಾರ್ ಕಾರ್ಡ್ ಕೇಳಿದೆವು. ಅವರು ಪಶ್ಚಿಮ ಬಂಗಾಳದವರು, ಬಂಗಾಳಿ ಮಾತಾಡುತ್ತಾರೆ, ಅಷ್ಟೇ ಸಾಕಾಯಿತು. ನೇಪಾಳದ ವಿಷಯದಲ್ಲಿ ಹಾಗಾಗಲಿಲ್ಲ. ಗಾರ್ಡ್‌ಗಳ ಮೇಲೆ ಅನುಮಾನ ಬರಲಿಲ್ಲ, ಕನಿಕರ ಬಂತು. ಎರಡೂ ಕಡೆ ಹುಡುಗರು ಎದ್ದದ್ದು ಒಂದೇ ಥರ. ನಮ್ಮಲ್ಲಿ ಯಾರ ಬಗ್ಗೆ ಮೊದಲೇ ಏನು ಅಂದುಕೊಂಡಿದ್ದೆವೋ, ಅದೇ ಹೊರಗೆ ಬಂತು.

ಶುಕ್ರವಾರ, ಸುಶೀಲಾ ಕಾರ್ಕಿ

ಸೆಪ್ಟೆಂಬರ್ 12ರ ರಾತ್ರಿ ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಹಂಗಾಮಿ ಪ್ರಧಾನಿಯಾದರು. ಹುಡುಗರು ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಲ್ಲಿ ಚರ್ಚೆ ಮಾಡಿ, ವೋಟು ಹಾಕಿ ಮುಂದಿಟ್ಟ ಹೆಸರು ಅದು. ಡಿಸ್ಕಾರ್ಡ್ ಕೂಡ ಆ 26ರ ಪಟ್ಟಿಯಲ್ಲಿತ್ತು. ಬೆಂಕಿಯ ನಂತರ ಮೊದಲ ಸಲ ಗ್ರೂಪಿನಲ್ಲಿ ಎಲ್ಲರಿಗೂ ಖುಷಿಯಾಯಿತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿದವರಂತೆ ಎಂದು ಹೆಂಗಸರೆಲ್ಲ ನಮ್ಮ ಮನೆ ಹುಡುಗಿಯೇ ಪಾಸಾದಂತೆ ಹೇಳಿಕೊಂಡರು. ಕಾರ್ಕಿಯವರಿಗೆ 73 ವರ್ಷ. ಇಪ್ಪತ್ತರ ಹುಡುಗರು ದಂಗೆ ಎದ್ದು ಕೊನೆಗೆ ಆರಿಸಿದ್ದು ಅಜ್ಜಿಯನ್ನು ಎಂದು ಮೇಷ್ಟ್ರು ಎರಡು ದಿನ ಬೀಗಿದರು. ಭ್ರಷ್ಟಾಚಾರದ ಕೇಸುಗಳಲ್ಲಿ ಬಗ್ಗದ ನ್ಯಾಯಮೂರ್ತಿ ಎಂದು ಹೆಸರಿದ್ದವರು, 2017ರಲ್ಲಿ ದೊಡ್ಡ ಪಕ್ಷಗಳು ವಾಗ್ದಂಡನೆಗೆ ಹೊರಟಿದ್ದು ಇವರ ಮೇಲೇ. ಆ ವಿವರ ಯಾರೂ ಹಂಚಲಿಲ್ಲ. ಬನಾರಸ್ ಸಾಕಿತ್ತು.

ರಜೆ

ಈ ಪ್ರಕರಣದಲ್ಲಿ ಅಪಾರ್ಟ್‌ಮೆಂಟ್ ನಿಜವಾಗಿ ಒಂದು ತೀರ್ಮಾನ ಮಾಡಬೇಕಾಗಿ ಬಂದದ್ದು ಇಲ್ಲಿ ಮಾತ್ರ. ನೇಪಾಳಿಗಳಿಗೆ ದಶೈಂ ಎಂದರೆ ವರ್ಷದ ದೊಡ್ಡ ಹಬ್ಬ. ನಮ್ಮ ದಸರಾವೇ. ಸೆಪ್ಟೆಂಬರ್ 22ಕ್ಕೆ ಘಟಸ್ಥಾಪನೆ, ಅಕ್ಟೋಬರ್ 2ಕ್ಕೆ ವಿಜಯದಶಮಿ. ಅವತ್ತು ಹಿರಿಯರು ಕಿರಿಯರ ಹಣೆಗೆ ಅಕ್ಕಿ, ಮೊಸರು, ಕುಂಕುಮ ಕಲಸಿದ ಟೀಕಾ ಇಡುತ್ತಾರೆ. ಅದಕ್ಕಾಗಿ ಎಲ್ಲಿದ್ದರೂ ಊರಿಗೆ ಹೋಗಬೇಕು. ಇಬ್ಬರೂ ಜುಲೈನಲ್ಲೇ ರೈಲು ಟಿಕೆಟ್ ಮಾಡಿಸಿದ್ದರು.

ಸೆಪ್ಟೆಂಬರ್ 14ರ ಭಾನುವಾರದ ಸಭೆಯಲ್ಲಿ ಪ್ರಶ್ನೆ ಎದ್ದಿತು. ಗಡಿ ಮುಚ್ಚಿದರೆ ವಾಪಸ್ ಹೇಗೆ ಬರುತ್ತಾರೆ? ಬದಲಿಗೆ ಬರುವವರು ಯಾರು? ಜೈಲಿನಿಂದ ತಪ್ಪಿಸಿಕೊಂಡವರೇ ಗಾರ್ಡ್ ಬಟ್ಟೆ ಹಾಕಿಕೊಂಡು ಬಂದರೆ? ಈ ಕೊನೆಯ ಪ್ರಶ್ನೆಗೆ ಯಾರೂ ನಗಲಿಲ್ಲ, ಹೊಸಬರಿಗೆ ಪೊಲೀಸ್ ವೆರಿಫಿಕೇಶನ್ ಕಡ್ಡಾಯ ಎಂದು ಬರೆದುಕೊಂಡರು. ಏಜೆನ್ಸಿಯ ಸೂಪರ್‌ವೈಸರ್ ಒಂದು ಹೆಜ್ಜೆ ಮುಂದೆ ಹೋದ. ಇಬ್ಬರ ಒಂದು ತಿಂಗಳ ಸಂಬಳ ಹಿಡಿದಿಟ್ಟುಕೊಂಡರೆ ಖಂಡಿತ ವಾಪಸ್ ಬರುತ್ತಾರೆ ಎಂದ. ಇದು ಅವನ ಮಾಮೂಲಿ ಪದ್ಧತಿ ಎಂದು ಆಗ ಗೊತ್ತಾಯಿತು. ಪ್ರತಿ ದಶೈಂಗೂ ಹಿಡಿಯುತ್ತಿದ್ದನಂತೆ, ನಮಗೆ ಹೇಳಿರಲಿಲ್ಲ.

ಇದನ್ನು ವಿರೋಧಿಸಿದವರು ಯಾರು ಗೊತ್ತಾ? ರೌಡಿಗಳು ಎಂದು ಬರೆದಿದ್ದ ಆ ಐಟಿ ಉದ್ಯೋಗಿ. "ದುಡಿದ ದುಡ್ಡು ಹಿಡಿಯೋದು ತಪ್ಪು, ನಾನು ಒಪ್ಪಲ್ಲ" ಎಂದು ಪಟ್ಟು ಹಿಡಿದರು. ವಿದೇಶಿ ಕೈ ಎಂದ ಬ್ಯಾಂಕ್ ಅಧಿಕಾರಿಯೂ ಅವರ ಜೊತೆ ನಿಂತರು. ಗ್ರೂಪಿನಲ್ಲಿ ಮಾತಾಡುವ ಮನುಷ್ಯನನ್ನು ನೋಡಿ ಎದುರಿಗೆ ಕೂತ ಮನುಷ್ಯ ಹೀಗೇ ಎಂದು ಹೇಳಲಾಗುವುದಿಲ್ಲ. ಕ್ರಾಂತಿ ಬಗ್ಗೆ ಉತ್ಸಾಹದಿಂದ ಬರೆದಿದ್ದ ಇನ್ನೊಬ್ಬರು ಸಂಬಳ ಹಿಡಿಯುವುದರಲ್ಲಿ ತಪ್ಪೇನಿಲ್ಲ ಎಂದರು. ಸೆಕ್ಯುರಿಟಿ ಮುಖ್ಯ ಅಲ್ವಾ ಎಂದರು.

ಕೊನೆಗೆ ಆದದ್ದು ಇಷ್ಟು. ಸಂಬಳ ಪೂರ್ತಿ ಕೊಡಬೇಕು ಎಂದು ಏಜೆನ್ಸಿಗೆ ಪತ್ರ ಹೋಯಿತು. ಆದರೆ ಇಬ್ಬರೂ ಒಟ್ಟಿಗೆ ಹೋಗುವಂತಿಲ್ಲ, ಒಬ್ಬರೇ ಹೋಗಬೇಕು ಎಂದು ಕಮಿಟಿ ಹೇಳಿತು. ರಾತ್ರಿ ಪಾಳಿಯವರು ಹುಡುಗನನ್ನು ಕಳಿಸಿ ತಾವು ಉಳಿಯಲು ಹೊರಟರು. ಹುಡುಗ ಒಪ್ಪಲಿಲ್ಲ. ಜಮೀನಿನ ಕಾಗದ ನೋಡಬೇಕಾದವರು ನೀವು ಎಂದು ಅವರನ್ನೇ ರೈಲು ಹತ್ತಿಸಿ ತಾನು ಎರಡೂ ಪಾಳಿ ನೋಡಿಕೊಂಡ. ಏಜೆನ್ಸಿ ಬದಲಿ ಕೊಡುವಷ್ಟರಲ್ಲಿ ಹಬ್ಬ ಅರ್ಧ ಮುಗಿದಿತ್ತು. ವಿಜಯದಶಮಿಯ ದಿನ ಹುಡುಗನ ಟೀಕಾ ವಿಡಿಯೋ ಕಾಲಿನಲ್ಲೇ ಆಯಿತು. ವಾಟ್ಸಾಪ್ ಅಷ್ಟರಲ್ಲಿ ಮತ್ತೆ ಓಡುತ್ತಿತ್ತು.

ರಾತ್ರಿ ಪಾಳಿಯವರು ಹೇಳಿದ ದಿನಕ್ಕೆ ವಾಪಸ್ ಬಂದರು. ಕಾಗದ ಸಿಕ್ಕಿತೇ ಎಂದು ಕೇಳಿದೆ. ಕಚೇರಿ ಉಳಿದಿದೆ, ಆದರೆ ಹಬ್ಬದ ರಜೆ ಇತ್ತು, ಸಾಹೇಬರು ಸಿಗಲಿಲ್ಲ ಎಂದರು. ಕಾರ್ಕಿ ಸರ್ಕಾರ 2026ರ ಮಾರ್ಚ್ 5ಕ್ಕೆ ಚುನಾವಣೆ ಗೊತ್ತು ಮಾಡಿತ್ತು. ಇಲ್ಲಿಂದ ವೋಟು ಹಾಕಲು ಅವರಿಗೆ ದಾರಿಯಿರಲಿಲ್ಲ, ಊರಿಗೇ ಹೋಗಬೇಕಿತ್ತು. ಆ ಸಲ ಹುಡುಗನೂ ಹೋಗಬೇಕು ಎಂದಿದ್ದ, ಅವನಿಗೆ ಅದು ಮೊದಲ ವೋಟು. ಇಬ್ಬರಿಗೂ ಒಟ್ಟಿಗೆ ರಜೆ ಬೇಕು ಎಂದು ಆಗಲೇ ಕಮಿಟಿಗೆ ಬರೆದುಕೊಟ್ಟರು. ಅರ್ಜಿ ಬರೆದುಕೊಟ್ಟವಳು ಮೂರನೇ ಮಹಡಿಯ ಹುಡುಗಿ. ಮುಂದಿನ ಸಭೆಯಲ್ಲಿ ನೋಡೋಣ ಎಂದು ಸೆಕ್ರೆಟರಿ ಹೇಳಿದರು.